ಗಂಗವ್ವ ಗಂಟೆ ಬಾರಿಸುವ ರೀಲು

ನಾನು ಒಂದು ಸಿನಿಮಾ ರೀಲು. ಅದೂ ಕೊನೆಯ ರೀಲು. ನನ್ನ ಸಿನಿಮಾದ ಕಥೆ ಹೇಗೆ ಶುರುವಾಗುತ್ತದೆ ಎಂದು ಮಾತ್ರ ಕೇಳಬೇಡಿ, ದೇವರಾಣೆಗೂ ನನಗೆ ಗೊತ್ತಿಲ್ಲ. ಮೊದಲಿನ ರೀಲುಗಳು, ಅಂದರೆ ನನ್ನ ಅಣ್ಣಂದಿರು, ಬಲು ಬಿಗುಮಾನದವರು. ಅವರು ಪರದೆಯ ಮೇಲೆ ಮೆರೆಯುವಾಗ ನಾನು ತಗಡಿನ ಡಬ್ಬಿಯೊಳಗೆ ಬಿದ್ದಿರುತ್ತೇನೆ. ನನ್ನ ಸರದಿ ಬರುವ ಹೊತ್ತಿಗೆ ಜನ ಆಗಲೇ ಮೂಗೊರೆಸಿಕೊಳ್ಳುತ್ತಿರುತ್ತಾರೆ. ಅಯ್ಯೋ, ಏನಾಯಿತ್ರಪ್ಪಾ ಎಂದು ಕೇಳೋಣವೆಂದರೆ ನನಗೆ ಉತ್ತರ ಕೊಡುವವರು ಯಾರು?

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಔಷಧಿ ನೀರಿನಲ್ಲಿ ಅದ್ದಿ, ತೊಳೆದು, ಒಣಗಿಸಿದಾಗ ಮೈಮೇಲೆ ಚಿತ್ರಗಳು ಮೂಡಿದವು. ಗುಡ್ಡಗಳ ನಡುವೆ ಒಂದು ಮಿಷನ್ ಶಾಲೆ, ಪಕ್ಕದಲ್ಲಿ ಪ್ರಾರ್ಥನಾ ಮಂದಿರ. ದೂರದೇಶದಿಂದ ಬಂದ ಕೆಲವು ಹೆಂಗಸರು ಅಲ್ಲಿದ್ದಾರೆ. ಬಂದೂಕು ಹಿಡಿದ ದರೋಡೆಕೋರರು ಸುತ್ತುಗಟ್ಟಿದ್ದಾರೆ. ವಯಸ್ಸಾದ ಟೀಚರಮ್ಮ ಒಬ್ಬಳು ಗೋಪುರ ಹತ್ತಿ ಗಂಟೆಯ ಹಗ್ಗ ಹಿಡಿಯುತ್ತಾಳೆ. ಗಂಟೆ ಕೇಳಿಸುತ್ತಿರುವಷ್ಟು ಹೊತ್ತೂ ಎಲ್ಲರೂ ಒಳಗೆ ಪ್ರಾರ್ಥನೆಯಲ್ಲಿದ್ದಾರೆ ಎಂದುಕೊಂಡು ಕಳ್ಳರು ಕಾಯುತ್ತಾರೆ. ಅಷ್ಟರಲ್ಲಿ ಉಳಿದವರು ಹಿಂಬಾಗಿಲಿನಿಂದ ಹೋಗಿ ದೋಣಿ ಹತ್ತಿ ಹೊಳೆ ದಾಟುತ್ತಾರೆ. ಆಮೇಲೆ ಗುಂಡಿನ ಸದ್ದು, ಗಂಟೆ ನಿಲ್ಲುತ್ತದೆ. ನನ್ನಲ್ಲಿರುವುದು ಇಷ್ಟೇ. ಈ ಹೆಂಗಸರು ಅಷ್ಟು ದೂರ ಯಾಕೆ ಬಂದರು, ಕಳಿಸಿಕೊಟ್ಟವರು ಯಾರು, ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲವೇ ಎಂದು ನನಗೆ ತಡೆಯಲಾರದ ಕುತೂಹಲ.

ಹಡಗಿನಲ್ಲಿ ಮುಂಬಯಿಗೆ ಬಂದೆ. ಅಲ್ಲಿನ ದೊಡ್ಡ ಥಿಯೇಟರಿನಲ್ಲಿ ಮೆತ್ತನೆಯ ಕುರ್ಚಿ, ಮೆತ್ತನೆಯ ಜನ. ಟೀಚರಮ್ಮ ಸತ್ತರೂ ಒಬ್ಬರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಮೈತುಂಬ ಗೀರು ಬಿದ್ದ ಮೇಲೆ ನಮ್ಮನ್ನು ಗದುಗಿನ ಟೂರಿಂಗ್ ಟಾಕೀಸಿಗೆ ಮಾರಿಬಿಟ್ಟರು. ಟೆಂಟಿನ ಕೆಳಗೆ ಮರಳು, ಮರಳಿನ ಮೇಲೆ ಜನ, ಜನರ ಬಾಯಲ್ಲಿ ಶೇಂಗಾ. ಸುಳ್ಳೇಕೆ, ನನಗೆ ಅದೇ ಹಿಡಿಸಿತು.

ಅಲ್ಲಿ ಇಂಗ್ಲಿಷ್ ಸಿನಿಮಾ ಬಂದರೆ ಪರದೆಯ ಪಕ್ಕದಲ್ಲಿ ಒಬ್ಬ ಮೈಕು ಹಿಡಿದು ಕಥೆ ಹೇಳುವ ರೂಢಿ. ಆ ಕೆಲಸ ರಾಜೇಸಾಬನದು. ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡಿ ಬಿಟ್ಟವನು. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೇ. ಆದರೇನು, ಬಾಯಿದ್ದವನು ಬರಗಾಲದಲ್ಲೂ ಬದುಕಿದ! ನನ್ನ ಟೀಚರಮ್ಮನಿಗೆ ಅವನು ಗಂಗವ್ವ ಎಂದು ಹೆಸರಿಟ್ಟ. ಗದುಗಿನ ಮಂದಿ ಅವಳನ್ನು ಸ್ವಂತ ಸೋದರತ್ತೆ ಮಾಡಿಕೊಂಡುಬಿಟ್ಟರು.

ಒಂದು ಸಂಜೆ, ಮೊದಲ ಆಟಕ್ಕೆ, ಬೆಟಗೇರಿಯ ಮಿಷನ್ ಕೇರಿ ಇಡಿಯಾಗಿ ಬಂತು. ಎಂದೂ ಸಿನಿಮಾದ ಕಡೆ ತಲೆಹಾಕದ ಜನ ಅವರು. ಬಂದದ್ದಕ್ಕೆ ಕಾರಣವಿತ್ತು. ಮಿಷನ್ ಆಸ್ಪತ್ರೆಯ ನರ್ಸ್ ಯೆಮೀಮಳನ್ನು ಆಫ್ರಿಕಾದ ಒಂದು ಆಸ್ಪತ್ರೆಗೆ ಆರಿಸಿದ್ದರು. ಅವಳಿಗೆ ಹೋಗುವ ಆಸೆ ಬೆಟ್ಟದಷ್ಟು. ಆದರೆ ತಾಯಿ ದೊರ್ಕಮ್ಮ ಒಲ್ಲೆ ಅಂದಿದ್ದಳು. ಇದ್ದ ಒಬ್ಬಳೇ ಮಗಳು. ತಾಯಿ ಹೂಂ ಅನ್ನದೆ ಅವಳು ಹೊರಡುವವಳಲ್ಲ. ಮಿಷನರಿ ಹೆಂಗಸರ ಸಿನಿಮಾ ತೋರಿಸಿದರೆ ದೊರ್ಕಮ್ಮನ ಮನಸ್ಸು ಕರಗುತ್ತದೆ ಎಂದು ಚರ್ಚಿನ ಸಭೆಯ ಹಿರಿಯರು ಲೆಕ್ಕ ಹಾಕಿದ್ದರು. ಕೊನೆಯಲ್ಲಿ ಏನಾಗುತ್ತದೆ ಎಂದು ಒಬ್ಬರಾದರೂ ವಿಚಾರಿಸಬೇಕೋ ಬೇಡವೋ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಈ ಸಂಗತಿ ರಾಜೇಸಾಬನ ಕಿವಿಗೆ ಬಿದ್ದದ್ದು ಇಂಟರ್ವಲ್ಲಿನಲ್ಲಿ. ಎದ್ದುಬಿದ್ದು ಆಪರೇಟರನ ಹತ್ತಿರ ಓಡಿ ಬಂದ.

"ಮಾರಾಯಾ, ಕಡೀ ರೀಲು ಹಚ್ಚಬ್ಯಾಡೊ. ಆ ಹುಡಿಗೀ ನಸೀಬಕ್ಕ ಕಲ್ಲು ಬೀಳ್ತೈತಿ!"

"ಹಚ್ಚಲಿಲ್ಲಂದ್ರ ಮಂದಿ ಟೆಂಟ್ ಕಿತ್ತು ಒಗೀತಾರ. ನಡಿ, ಮೈಕ್ ಹಿಡಿ," ಎಂದ ಆಪರೇಟರ.

ನನ್ನನ್ನು ಹಚ್ಚಿದರು. ಒಂದು ಸಲವಾದರೂ ಬೇರೆ ಥರ ಓಡಬಾರದೇ ನಾನು? ಆದರೆ ಮೈಮೇಲೆ ಮೂಡಿದ್ದನ್ನು ಅಳಿಸಿಕೊಳ್ಳಲಾದೀತೇ. ಗಂಗವ್ವ ಗೋಪುರ ಹತ್ತಿದಳು, ಗಂಟೆ ಬಾರಿಸಿದಳು, ಬಿದ್ದಳು. "ಸತ್ತಿಲ್ರೀ! ಚಕ್ಕರ ಬಂದು ಬಿದ್ದಾಳ್ರೀ!" ಎಂದು ರಾಜೇಸಾಬ ಮೈಕಿನಲ್ಲಿ ಅರಚಿದ. ಯಾರು ನಂಬುತ್ತಾರೆ? ದೊರ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಮಗಳ ರಟ್ಟೆ ಹಿಡಿದು ಎದ್ದೇಬಿಟ್ಟಳು.

ಅಷ್ಟರಲ್ಲಿ ಮರಳಿನ ಮೇಲಿನ ಮಂದಿ ಕೂಗಿದರು: "ವನ್ಸ್ ಮೋರ್!"

ಆ ಸೀಮೆಯ ನಾಟಕದವರಿಗೆ ಇದು ಗೊತ್ತಿದ್ದದ್ದೇ. ಸತ್ತ ಪಾತ್ರಕ್ಕೆ ವನ್ಸ್ ಮೋರ್ ಬಿದ್ದರೆ ಅದು ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕು. ಸಿನಿಮಾಕ್ಕೂ ಅದೇ ಕಾನೂನು. ಆಪರೇಟರ ನನ್ನನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದ. ದಾರಿ ಬಿಡುವವರಿಲ್ಲದೆ ದೊರ್ಕಮ್ಮ ನಿಂತಲ್ಲೇ ನಿಂತು ನೋಡಿದಳು. ಮೊದಲ ಸಲ ಅವಳ ಕಣ್ಣಿಗೆ ಬಿದ್ದದ್ದು ಗಂಗವ್ವ ಒಬ್ಬಳೇ. ಈ ಸಲ ದೋಣಿ ಕಂಡಿತು, ಅದರೊಳಗಿನ ಹೆಂಗಸರು ಕಂಡರು.

ಆಟ ಮುಗಿದ ಮೇಲೆ ರಾಜೇಸಾಬ ಕ್ಷಮೆ ಕೇಳಲು ಹೋದರೆ ದೊರ್ಕಮ್ಮ ಅವನತ್ತ ನೋಡಲೇ ಇಲ್ಲ. ಆಪರೇಟರನ ಕಿಟಕಿಯ ಕೆಳಗೇ ನಿಂತು ಮಗಳಿಗೆ ಹೇಳಿದಳು:

"ಹೋಗು. ಆದ್ರ ನನ್ನ ಕೈಮ್ಯಾಲ ಕೈಯಿಟ್ಟು ಮಾತು ಕೊಡು. ಅಂಥಾ ವ್ಯಾಳ್ಯಾ ಬಂತಂದ್ರ ನೀ ಹೊಳಿ ದಾಟೋರಾಗ ಇರಬೇಕು. ಗಂಟಿ ಬಾರಸಾಕ ನಿಂದ್ರಬಾರದು."

"ಹಂಗಾರ ಗಂಟಿ ಬಾರಸೋರು ಯಾರಬೇ?"

"ಯಾರರೆ ಬಾರಸ್ಲಿ! ನೀ ದಾಟು."

ಯೆಮೀಮ ತಾಯಿಯ ಕೈ ಮೇಲೆ ಕೈಯಿಟ್ಟಳು. ಎರಡೇ ವಾರದಲ್ಲಿ ಹಡಗು ಹತ್ತಿದಳಂತೆ.

ಮುಂದೆ ಮಳೆಗಾಲ ಕಳೆದು ಟೆಂಟು ಗದುಗಿಗೆ ಬಂದಾಗಲೆಲ್ಲ ದೊರ್ಕಮ್ಮ ಈ ಸಿನಿಮಾಕ್ಕೆ ತಪ್ಪದೆ ಬರುತ್ತಿದ್ದಳು. ದೋಣಿ ಆಚೆ ದಡ ಮುಟ್ಟಿತೋ, ಎದ್ದು ಮರಳು ಝಾಡಿಸಿಕೊಂಡು ಮನೆಗೆ. ಗಂಗವ್ವ ಬೀಳುವುದನ್ನು ಅವಳು ನೋಡುತ್ತಲೇ ಇರಲಿಲ್ಲ. "ಅಕ್ಕಾರ, ಇನ್ನೂ ಐತಲ್ರೀ," ಎಂದು ರಾಜೇಸಾಬ ಕೆಣಕಿದರೆ, "ನನಗ ಬೇಕಾದಷ್ಟು ಮುಗೀತಪಾ," ಅನ್ನುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಸ್ವಲ್ಪ ಅವಮಾನವೂ ಆಗುತ್ತಿತ್ತು.

ಒಂದು ವರ್ಷ ಆಫ್ರಿಕಾದ ಆ ದೇಶದಲ್ಲಿ ದಂಗೆ ಎದ್ದ ಸುದ್ದಿ ಬಂತು. ಆ ಸಲ ದೊರ್ಕಮ್ಮ ಟೆಂಟಿನ ಕಡೆ ಸುಳಿಯಲಿಲ್ಲ. ಮರುವರ್ಷ ಬಂದಳು, ಪಕ್ಕದಲ್ಲಿ ಯೆಮೀಮ! ಬಡಕಲಾಗಿದ್ದಳು, ಆದರೆ ಜೀವಂತ. ರಾಜೇಸಾಬ ಮೈಕು ಬಿಸಾಕಿ ಓಡಿಹೋಗಿ ಮಾತಾಡಿಸಿ ಬಂದ. ನನಗಾದ ಖುಷಿಗೆ ಸುತ್ತು ಬಿಚ್ಚಿಕೊಳ್ಳುವುದೊಂದು ಬಾಕಿ.

ಅವತ್ತು ದೋಣಿ ದಡ ಮುಟ್ಟಿತು. ದೊರ್ಕಮ್ಮ ಏಳಲಿಲ್ಲ. ಗುಂಡು ಹಾರಿತು, ಗಂಗವ್ವ ಬಿದ್ದಳು, ಗಂಟೆ ನಿಂತಿತು, ದೀಪ ಹತ್ತಿತು. ಆಗಲೂ ಏಳಲಿಲ್ಲ. ರಾಜೇಸಾಬ ಹತ್ತಿರ ಹೋಗಿ ಕೂತ.

"ಮಗಳು ಬಂದ್ಲಲ್ರೀ ಅಕ್ಕಾರ. ಮತ್ಯಾಕ ಅಳ್ತೀರಿ?"

ಹೇಳಿದವಳು ಯೆಮೀಮ. "ಅಲ್ಲೆ ನಮ್ಮ ಆಸ್ಪತ್ರಿ ಅಡಗೀ ಮನಿಯಾಗ ಫುರಾಹ ಅಂತ ಒಬ್ಬಾಕಿ ಇದ್ಲು, ಕಾಕಾ. ನನ್ನ ವಾರಿಗೀನ. ಬಂದೂಕಿನವರು ಬಂದಾಗ ನಾವೆಲ್ಲಾ ಹಿಂದಿನ ಕಾಡು ಹೊಕ್ಕಿವಿ. ಆಕಿ ಒಲಿ ಉರಸ್ಕೋತ ಒಳಗ ಕೂತ್ಲು. ಹೊಗಿ ಕಂಡ್ರ ಮಂದಿ ಒಳಗ ಅದಾರ ಅಂತ ತಿಳೀತಾರ, ನೀವು ದೂರ ಹೋಗ್ರಿ ಅಂದ್ಲು. ನಾನೂ ಕೂಡ್ರತೀನಿ ಅಂತ ಬಾಯಿಗೆ ಬಂದಿತ್ತು. ಅವ್ವಗ ಮಾತು ಕೊಟ್ಟಿದ್ನಲ್ಲ, ನಡದುಬಿಟ್ಟೆ. ಆಕಿ ಉಳೀಲಿಲ್ಲ."

ದೊರ್ಕಮ್ಮ ಪರದೆಯನ್ನೇ ನೋಡುತ್ತಿದ್ದಳು. "ಯಾರರೆ ಬಾರಸ್ಲಿ ಅಂದಿದ್ದೆ ನಾ. ಆ ಯಾರರೆ ಅಂದ್ರ ಈ ಫುರಾಹ ನೋಡಪಾ," ಎಂದಳು. ಆಮೇಲೆ ಮಗಳತ್ತ ತಿರುಗಿದಳು. "ಆಕಿಗೆ ತಾಯಿ ಅದಾಳೇನ?"

"ಅದಾಳಬೇ."

ನಾನು ಪ್ರೊಜೆಕ್ಟರಿನಲ್ಲೇ ಇದ್ದೆ, ಇನ್ನೂ ಮೈ ಬಿಸಿಯಿತ್ತು. ಅಷ್ಟು ವರ್ಷ ಓಡಿದರೂ ಗಂಗವ್ವನಿಗೊಬ್ಬ ತಾಯಿ ಇದ್ದಾಳು ಎಂದು ನನಗೆ ಹೊಳೆದಿರಲಿಲ್ಲ. ನನಗೆ ತುಂಬ ದುಃಖವಾಯಿತು.

ಈಗ ಟೆಂಟೂ ಇಲ್ಲ, ಆಪರೇಟರನೂ ಇಲ್ಲ. ನನ್ನ ಅಣ್ಣಂದಿರು ಹಳೇ ಫಿಲ್ಮು ಕರಗಿಸಿ ಬಳೆ ಮಾಡುವವರ ಪಾಲಾದರು. ನನ್ನನ್ನು ರಾಜೇಸಾಬ ತನ್ನ ಮನೆಯ ಅಟ್ಟದ ಮೇಲೆ ಇಟ್ಟುಕೊಂಡಿದ್ದಾನೆ. ಅಂಚು ಹರಿದಿದೆ, ಇನ್ನು ಯಾವ ಪ್ರೊಜೆಕ್ಟರಿಗೂ ನಾನು ಆಗಿಬರುವವನಲ್ಲ. ಡಬ್ಬಿಯೊಳಗೆ ಮಲಗಿ ಕೆಳಗಿನ ಮಾತಿಗೆ ಕಿವಿಗೊಡುವುದೇ ನನ್ನ ಕೆಲಸ. ಕಥೆ ಅಂದರೆ ಬಿದ್ದವಳದು, ಹೆಚ್ಚೆಂದರೆ ದಾಟಿದವರದು ಎಂದುಕೊಂಡಿದ್ದೆ. ಎಲ್ಲೋ ಒಂದು ಮನೆಯಲ್ಲಿ ಕಾದು ಕೂತವರದೂ ಹೌದು, ಅವರು ಯಾವ ರೀಲಿನಲ್ಲೂ ಬರುವುದಿಲ್ಲ.

ಮೊನ್ನೆ ರಾಜೇಸಾಬ ಹೆಂಡತಿಗೆ ಹೇಳುತ್ತಿದ್ದ. ದೊರ್ಕಮ್ಮ ಈಗ ದಿನಾ ಪ್ರಾರ್ಥನೆಯಲ್ಲಿ ಮಗಳ ಹೆಸರಿಗಿಂತ ಮೊದಲು ಇನ್ನೊಬ್ಬ ಹೆಂಗಸನ್ನು ನೆನೆಯುತ್ತಾಳಂತೆ. ಆ ಹೆಂಗಸಿನ ಮುಖ ಕಂಡಿಲ್ಲ, ಹೆಸರೂ ಗೊತ್ತಿಲ್ಲ. ಹಾಗಾಗಿ "ಫುರಾಹನ ಅವ್ವ" ಎಂದಷ್ಟೇ ಹೇಳುತ್ತಾಳಂತೆ.