ಬಚ್ಚಲಿಗೆ ಹೋಗದ ಗಾಲಿಕುರ್ಚಿ

ಓಬಣ್ಣ ಹಗಲು ಹೊತ್ತು ನೀರು ಕುಡಿಯುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ೧೯೮೪ರ ಬಳ್ಳಾರಿಯ ಬೇಸಿಗೆ. ಕೌಲ್ ಬಜಾರಿನ ಓಣಿಯಲ್ಲಿ ನಾಯಿಗಳೂ ಗಟಾರದ ತಂಪಿಗೆ ಇಳಿದು ಮಲಗುವ ಬಿಸಿಲು. ಇವನು ಮಾತ್ರ ಪಕ್ಕದಲ್ಲಿಟ್ಟ ಚೊಂಬನ್ನು ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗಬೇಕು. ಹೋಗಬೇಕೆಂದರೆ ಹೆಂಡತಿ ಸುಂಕಲಮ್ಮ ಅವನನ್ನು ಎತ್ತಬೇಕು.

ಓಬಣ್ಣ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿಯಾಗಿದ್ದ. ಸಿರುಗುಪ್ಪದಿಂದ ಬಂದ ಭತ್ತದ ಲಾರಿ ಇಳಿಸುವಾಗ ಕಾಲಡಿಯ ಹಲಗೆ ಮುರಿಯಿತು. ಬೆನ್ನ ಮೇಲಿನ ಚೀಲದ ಸಮೇತ ಬಿದ್ದ. ಸೊಂಟದ ಕೆಳಗೆ ಸತ್ತುಹೋಯಿತು. ಮಾಲೀಕ ಎರಡು ಚೀಲ ಅಕ್ಕಿ ಕಳಿಸಿ ಸುಮ್ಮನಾದ. ಆಮೇಲೆ ಊರಿನ ದೊಡ್ಡವರು ವೇದಿಕೆ ಹಾಕಿ, ಹಾರ ಹಾಕಿ, ಒಂದು ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಂಡರು. ಅಷ್ಟು ಜನರಲ್ಲಿ ಒಬ್ಬರಾದರೂ "ನಿಮ್ಮ ಬಚ್ಚಲ ಬಾಗಿಲು ಎಷ್ಟು ಅಗಲ ಇದೆ?" ಎಂದು ಕೇಳಲಿಲ್ಲ.

ಕುರ್ಚಿ ಇಪ್ಪತ್ತೈದು ಇಂಚು. ಬಾಗಿಲು ಇಪ್ಪತ್ತೆರಡು. ಹಿತ್ತಲಿನವರೆಗೂ ಸರಾಗವಾಗಿ ಬರುವ ಕುರ್ಚಿ ಅಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಸುಂಕಲಮ್ಮ ಗಂಡನ ಕಂಕುಳಲ್ಲಿ ಕೈ ತೂರಿಸಿ ಎಳೆಯುವಳು. ಓಬಣ್ಣನ ತಾಯಿ ಉಚ್ಚೆಂಗೆಮ್ಮ ಕಾಲು ಹಿಡಿಯುವಳು. ಒಳಗೆ ಅರ್ಧ ಜಾಗವನ್ನು ಹಂಡೆಯ ಒಲೆಯೇ ತಿಂದಿತ್ತು. ಗೋಡೆಯಾಚೆ ಕಕ್ಕಸು; ಅಲ್ಲಿಗೆ ಮತ್ತೊಂದು ಸಲ ಎಳೆಯಬೇಕು. ಇಷ್ಟು ಮಾಡಿ ಬಂದು ಸುಂಕಲಮ್ಮ ದರ್ಜಿ ಅಂಗಡಿಗಳ ಪ್ಯಾಂಟುಗಳಿಗೆ ಗುಂಡಿ ಹಚ್ಚಲು ಕೂರುತ್ತಿದ್ದಳು. ಕೂತವಳಿಗೆ ಏಳಲು ಗೋಡೆ ಬೇಕಾಗುತ್ತಿತ್ತು.

ಎರಡು ಮನೆ ಆಚೆಗೆ ಹೊನ್ನೂರಮ್ಮನ ಮನೆ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಓಬಣ್ಣನ ಮುಖ ನೋಡಿ ನಿಂತಳು.

"ಏನಲೇ ಓಬಣ್ಣ, ತುಟಿ ಹಿಂಗ ಒಡದಾವು? ನೀರು ಕುಡಿಯಂಗಿಲ್ಲೇನು?"

"ಕುಡಿತೀನಿ ಬಿಡಕ್ಕ."

"ನನ ಮುಂದ ಸುಳ್ಳು ಹೇಳಬ್ಯಾಡ. ಇಪ್ಪತ್ತು ವರ್ಷ ಮಂದಿ ಉಚ್ಚಿ ಬಾಟ್ಲಿ ಎತ್ತೀನಿ. ಉರಿ ಐತೇನು? ಚಳಿ ಜ್ವರ?"

ಸುಂಕಲಮ್ಮ ಸೂಜಿ ಕೆಳಗಿಟ್ಟಳು. "ಮೂರು ದಿನ ಆತಕ್ಕ. ರಾತ್ರಿ ನಡುಗ್ತಾನ. ಬಾಟ್ಲಿ ಇಟ್ಟೀನಿ, ಒಲ್ಲೆ ಅಂತಾನ."

"ಒಂದ ಖೋಲಿ ಮನಿ," ಎಂದ ಓಬಣ್ಣ. "ಅವ್ವ ಇರ್ತಾಳ. ಪ್ಯಾಂಟು ಕೊಡಾಕ, ಒಯ್ಯಾಕ ಮಂದಿ ಬರ್ತಾರ. ಎಲ್ಲಾರ ಮುಂದ ಬಾಟ್ಲಿ ಹಿಡಕೊಂಡು ಕುಂದ್ರಲೇನು?"

"ನಾಚಿಗಿ ಉಳಿಸಾಕ ಹೋಗಿ ಜೀವ ಕಳಕೊಂತಿ. ಬೆನ್ನು ಮುರದು ನಮ್ಮ ವಾರ್ಡಿಗೆ ಬಂದೋರು ನೆಟ್ಟಗ ಮನಿಗೆ ಹೋಗ್ಯಾರ. ಮನಿಗೆ ಹೋದ ಮ್ಯಾಲೆ ಉಚ್ಚಿ ನಂಜಾಗಿ ಸತ್ತಾರ. ಏಳು ಸುಂಕಲಮ್ಮ, ಜಟಕಾ ಕರಿ."

ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಾಕಿದರು, ಮಾತ್ರೆ ಬರೆದರು. ದಿನಕ್ಕೆ ಮೂರು ಲೀಟರಾದರೂ ನೀರು ಒಳಗೆ ಹೋಗಬೇಕು, ಇಲ್ಲದಿದ್ದರೆ ಮೂತ್ರಪಿಂಡ ಕೆಡುತ್ತದೆ, ಇನ್ನೊಂದು ಸಲ ಹೀಗಾದರೆ ನಾನು ಭರವಸೆ ಕೊಡಲಾರೆ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಸುಂಕಲಮ್ಮ ಲೆಕ್ಕ ಹಾಕಿದಳು. ಮೂರು ಲೀಟರು ಎಂದರೆ ದಿನಕ್ಕೆ ಎಷ್ಟು ಸಲ ಎತ್ತಬೇಕು? ಲೆಕ್ಕ ಮುಗಿಯುವ ಮೊದಲೇ ಅವಳಿಗೆ ಸುಸ್ತಾಯಿತು.

ಮರುದಿನ ಹೊನ್ನೂರಮ್ಮ ಗೌಂಡಿ ಹುಲುಗಪ್ಪನನ್ನು ಕರೆತಂದಳು. ಕುರುಗೋಡಿನವನು, ಊರಿನ ಸಾಹುಕಾರರ ಬಡಾವಣೆ ಗಾಂಧಿನಗರದಲ್ಲಿ ಮನೆ ಕಟ್ಟುವ ಕೆಲಸ ಮಾಡುತ್ತಿದ್ದ. ಬಚ್ಚಲೊಳಗೆ ಇಣುಕಿ ನಕ್ಕ.

"ಅಲ್ಲೊಬ್ಬ ಸಾಹುಕಾರ ನಾಯಿ ತೊಳಿಯಾಕಂತ ಬ್ಯಾರೆ ಬಚ್ಚಲ ಕಟ್ಟಸಾಕತ್ತಾನಕ್ಕ. ಇದರ ಎರಡರಷ್ಟು ಐತಿ. ಈ ನಡುವಿನ ಗ್ವಾಡಿ ತೆಗದು ಬಚ್ಚಲ, ಕಕ್ಕಸ ಒಂದ ಮಾಡೋಣು. ಹಂಡೆ ಹೊರಗ ಹಾಕೋಣು. ಕುರ್ಚಿ ಆರಾಮ ತಿರಗತೈತಿ."

"ಹಂಡೆ ಮುಟ್ಟಿದ್ರ ನೋಡು!" ಉಚ್ಚೆಂಗೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ದೀವಳಿಗಿಗೆ ಸುಣ್ಣ, ಕೆಮ್ಮಣ್ಣು ಬಳದು ನೀರು ತುಂಬೋ ಹಂಡೆ ಅದು."

"ಹಂಡೆಗೆ ಅರ್ಧ ಬಚ್ಚಲ, ಮಗನಿಗೆ ಹಿತ್ತಲ. ಚಲೋ ಐತಿ ಬಿಡಬೇ ನಿಮ್ಮ ಪಾಲು!" ಎಂದು ಹುಲುಗಪ್ಪ ಮತ್ತೆ ನಕ್ಕ.

"ನಗ್ತೀಯೇನಲೇ? ದಿನಾ ಮುಂಜಾನಿ ಸುಡು ಸುಡು ನೀರು ಕಾಸಿ ಅವನ ಕಾಲಿಗೆ ಹಾಕ್ತೀನಿ. ಕಾವಿಗೆ ನರ ಏಳ್ತಾವು." ಮುದುಕಿಯ ದನಿ ಸೋತಿತು. "ಬಚ್ಚಲ ಒಡಿ ಅಂತೀರಿ. ಅಂದ್ರ ನನ ಮಗ ಇನ್ನ ಏಳಂಗಿಲ್ಲ ಅಂತ ನನ ಬಾಯಿಂದ ಹೇಳಸ್ತೀರಿ."

ಹೊನ್ನೂರಮ್ಮ ಮನೆಯೊಳಗೆ ಹೋಗಿ ಓಬಣ್ಣನ ಕಾಲಿನ ಮೇಲಿನ ದುಪ್ಪಟಿ ಸರಿಸಿದಳು. ಹಿಮ್ಮಡಿಯ ಮೇಲೆ ಅಂಗೈಯಗಲ ಬೊಬ್ಬೆ ಎದ್ದು, ಒಡೆದು, ಕೆಂಪಗೆ ಮಾಂಸ ಕಾಣುತ್ತಿತ್ತು.

"ಇದೇನು ದೊಡ್ಡವ್ವ?"

ಹಿಂದೆಯೇ ಬಂದ ಉಚ್ಚೆಂಗೆಮ್ಮ ಬಗ್ಗಿ ನೋಡಿದಳು. "ಉರೀತು ಅನ್ನಲೇ ಇಲ್ಲಲ್ಲ ಅಂವ..."

"ಹೆಂಗ ಅಂತಾನ? ಕುದಿಯೋ ನೀರು ಹಾಕಿದ್ರೂ ಅವನಿಗೆ ತಿಳಿಯಂಗಿಲ್ಲ. ಇಂಥ ಕಾಲಿಗೆ ನೀರು ಹಾಕೋಕಿಂತ ಮೊದಲು ನಮ್ಮ ಕೈ ಅದ್ದಿ ನೋಡಬೇಕು. ಉಗುರುಬೆಚ್ಚಗಿದ್ರ ಸಾಕು."

ಓಬಣ್ಣ ಗೋಡೆ ನೋಡುತ್ತ ಮಾತಾಡಿದ. "ಅವ್ವಾ, ಕಾಲು ಬರಂಗಿಲ್ಲ. ಆಸ್ಪತ್ರ್ಯಾಗಿದ್ದಾಗ್ಲೇ ಡಾಕ್ಟರ್ ಹೇಳಿದ್ರು. ನಿನಗ ಹೇಳಾಕ ಬಾಯಿ ಬರಲಿಲ್ಲ. ನೀ ದಿನಾ ಹಂಡೆ ಕಾಸಿದಿ, ನಾ ಸುಮ್ನ ಕಾಲು ಕೊಟ್ಟೆ. ನನಗ ಈಗ ಬೇಕಾಗಿದ್ದು ಒಬ್ಬನ ಬಾಗಿಲು ಹಾಕ್ಕೊಂಡು ಕುಂದ್ರೋ ಜಾಗ. ಅಷ್ಟ."

ಸುಂಕಲಮ್ಮ ಮೆಲ್ಲಗೆ ಅಂದಳು: "ಅತ್ತಿ, ನನ ಸೊಂಟಾನೂ ಹೋದ್ರ ಇಬ್ಬರನ್ನೂ ಎತ್ತೋರು ಯಾರದಾರ?"

ಉಚ್ಚೆಂಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಲಿಗೆ ನಡೆದಳು. ಆಮೇಲೆ ಬೂದಿ ಗೋರುವ ಸದ್ದು ಬಂತು. ಹೋಗಿ ನೋಡಿದರೆ, ಒಲೆಯ ಬೂದಿ ತೆಗೆದು, ಹಂಡೆಯ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು.

"ಹಿತ್ತಲದ ಈ ಮೂಲ್ಯಾಗ ಒಲಿ ಹಾಕು ಹುಲುಗಪ್ಪ. ಮಣ್ಣು ನಾ ಕಲಸ್ತೀನಿ."

ಹುಲುಗಪ್ಪ ಗಾಂಧಿನಗರದ ಕೆಲಸ ಮುಗಿಸಿ ದಿನವೂ ಸಂಜೆ ಬಂದ. ಓಣಿಯ ಹಮಾಲಿಗಳು ಗೋಡೆ ಒಡೆದು ಕಲ್ಲು ಹೊತ್ತರು. ಬಾಗಿಲನ್ನು ಮೂರು ಅಡಿ ಅಗಲ ಮಾಡಿದರು. ಕುರ್ಚಿಯಷ್ಟೇ ಅಗಲವಾದರೆ ಸಾಲದು. ಗಾಲಿ ತಿರುಗಿಸುವವನ ಮೊಣಕೈ ತರಚುತ್ತದೆ. ಕದ ಹೊರಕ್ಕೆ ತೆರೆಯುವಂತೆ ಕೂಡಿಸಿದರು. ಒಳಗೆ ಬಿದ್ದರೆ ಬಿದ್ದವನೇ ಕದಕ್ಕೆ ಅಡ್ಡವಾಗಬಾರದಲ್ಲ. ಹೊಸ್ತಿಲು ಕಿತ್ತರು. ನೆಲ ಹಿತ್ತಲಿಗಿಂತ ನಾಲ್ಕು ಇಂಚು ಎತ್ತರವಿತ್ತು. ಒಂದು ಇಂಚಿಗೆ ಒಂದು ಅಡಿಯಂತೆ ನಾಲ್ಕು ಅಡಿ ಉದ್ದದ ಇಳಿಜಾರು ಕಟ್ಟಿದರು. ನೀರು ಮೋರಿಯ ಕಡೆ ಹರಿಯುವಂತೆ ಒಳಗಿನ ನೆಲಕ್ಕೆ ತುಸು ವಾಟ ಕೊಟ್ಟರು.

ಒಂದು ತಪ್ಪಾಯಿತು. ಹುಲುಗಪ್ಪ ಗಾಂಧಿನಗರದ ಹುಮ್ಮಸ್ಸಿನಲ್ಲಿ ನೆಲವನ್ನು ಕನ್ನಡಿಯಂತೆ ನುಣ್ಣಗೆ ತಿಕ್ಕಿದ.

"ಮಾರಿ ನೋಡ್ಕೊಬಹುದು ನೋಡಕ್ಕ!"

"ಹೌದಪ್ಪ, ಜಾರಿಬಿದ್ದ ಮ್ಯಾಲೆ ನೋಡ್ಕೊಬಹುದು," ಎಂದಳು ಹೊನ್ನೂರಮ್ಮ. "ಇನ್ನಾ ಹಸಿ ಐತಿ. ಕರಣಿ ತಗೊಂಡು ಗೆರಿ ಎಳಿ."

ಅವನು ಗೊಣಗುತ್ತ ಗೆರೆ ಎಳೆದ. ಮೋರಿಯ ಪಕ್ಕ ಕುರ್ಚಿಯ ಆಸನದಷ್ಟೇ ಎತ್ತರಕ್ಕೆ ಕಡಪಾ ಕಲ್ಲಿನ ಕಟ್ಟೆ ಹಾಕಿದ. ಕುರ್ಚಿಯಿಂದ ಪಕ್ಕಕ್ಕೆ ಜರುಗಿದರೆ ಸಾಕು, ಏಳಬೇಕಿಲ್ಲ. ಕಕ್ಕಸಿನ ಗುಂಡಿಯ ಮೇಲೆ ಅಷ್ಟೇ ಎತ್ತರದ, ನಡುವೆ ತೂತು ಕೊರೆದ ಗಟ್ಟಿ ಮರದ ಕುರ್ಚಿ ಇಟ್ಟು, ಅಲುಗದಂತೆ ಕಾಲುಗಳನ್ನು ಸಿಮೆಂಟಿನಲ್ಲಿ ಹೂಳಿದ. ಎರಡರ ಪಕ್ಕದ ಗೋಡೆಗೂ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ. ನಿಂತಿದ್ದ ಹುಲುಗಪ್ಪ ಅದನ್ನು ತನ್ನ ಎದೆಮಟ್ಟಕ್ಕೆ ಹಿಡಿದಾಗ ಓಬಣ್ಣ ಬಾಯಿಬಿಟ್ಟ.

"ಲೇ ಹುಲುಗಪ್ಪ, ಕುಂದ್ರಾಂವ ನಾನೋ, ನೀನೋ? ಕೆಳಗ ತಗೊ. ಇನ್ನಾ ಕೆಳಗ. ಹ್ಞಾಂ, ಅಲ್ಲಿ ಹೊಡಿ."

ಎಷ್ಟೋ ದಿನಗಳ ಮೇಲೆ ಅವನು ಒಬ್ಬರಿಗೆ ಹೀಗೆ ಮಾಡು ಎಂದು ಹೇಳಿದ್ದು ಅಂದೇ.

ಸಿಮೆಂಟು ಗಟ್ಟಿಯಾಗಲು ಎಂಟು ದಿನ ಬಿಟ್ಟರು. ಎಳೆದಾಡಿದರೂ ಕೊಳವೆ ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇಬ್ಬರು ಜೋತುಬಿದ್ದು ನೋಡಿದರು. ಮೊದಲ ಎರಡು ದಿನ ಹೊನ್ನೂರಮ್ಮ ಪಕ್ಕದಲ್ಲಿ ನಿಂತು ಜರುಗುವುದನ್ನು ಕಲಿಸಿದಳು. ಮೂರನೆಯ ಬೆಳಿಗ್ಗೆ ಓಬಣ್ಣ ಒಬ್ಬನೇ ಕುರ್ಚಿ ಉರುಳಿಸಿಕೊಂಡು ಇಳಿಜಾರು ಹತ್ತಿ ಒಳಗೆ ಹೋಗಿ ಕದ ಎಳೆದುಕೊಂಡ.

ಅರ್ಧ ಗಂಟೆಯಾಯಿತು. ಉಚ್ಚೆಂಗೆಮ್ಮನಿಗೆ ತಡೆಯಲಾಗಲಿಲ್ಲ.

"ಓಬಾ, ಅದೀಯೇನೋ?"

"ಅದೀನಬೇ! ಬಾಗಿಲು ಬಡಿಯಬ್ಯಾಡ. ಇನ್ನಾ ಮೈಗೆ ನೀರು ಹಾಕ್ಕೊಬೇಕು."

ಮುದುಕಿ ಹೊರಗೇ ಕೂತಳು. ಸುಂಕಲಮ್ಮ ಅಡುಗೆ ಒಲೆಯ ಮುಂದೆ ರೊಟ್ಟಿ ಮುರಿದುಕೊಂಡು ಕೂತಿದ್ದಳು. ಎರಡು ತುತ್ತು ತಿಂದಿದ್ದಳೋ ಇಲ್ಲವೋ, ಹಾಗೇ ಗೋಡೆಗೆ ಒರಗಿ ನಿದ್ದೆಹೋದಳು. ಯಾರೂ ಎಬ್ಬಿಸಲಿಲ್ಲ.

ಓದಿದವರೇ, ಓದಿಸಿ ಕೇಳಿದವರೇ, ಇದರಲ್ಲಿ ಯಾರೂ ಎದ್ದು ನಡೆಯಲಿಲ್ಲ. ಮುರಿದ ಹಲಗೆಗೆ ಮಾಲೀಕ ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ಕೇಳುವುದು ಇನ್ನೂ ಬಾಕಿ ಇದೆ. ಆದರೆ ಕಲ್ಲು, ಸಿಮೆಂಟು, ಒಂದು ಕೊಳವೆ, ನಾಲ್ಕು ಜನರ ಸಂಜೆಗಳು ಸೇರಿದ್ದರಿಂದ ಒಬ್ಬ ಮನುಷ್ಯ ಹೊಟ್ಟೆತುಂಬ ನೀರು ಕುಡಿಯುತ್ತಿದ್ದಾನೆ. ದಾನ ಕೊಡುವ ದೊಡ್ಡವರೇ, ಹಾರ ತರುವ ಮೊದಲು ಆ ಮನೆಯ ಬಾಗಿಲು ಅಳೆಯಿರಿ. ಗೌಂಡಿಗಳೇ, ಕೂತವರನ್ನು ಕೇಳಿ ಕಟ್ಟಿರಿ. ಮನೆಯವರೇ, ಸತ್ತ ಕಾಲಿಗೆ ಸುಡುನೀರು ಹಾಕಬೇಡಿ. ಜ್ವರ, ಉರಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ನಿಮ್ಮ ಓಣಿಯಲ್ಲೂ ಒಬ್ಬರು ಒಣಗಿದ ತುಟಿಯಲ್ಲಿ ಕೂತಿದ್ದಾರೆ, ಹುಡುಕಿ. ಒಂದು ಅಳತೆ ಟೇಪು ಹಿಡಿದುಕೊಂಡು ಹೋಗಿ. ಬರುವ ಹಬ್ಬಕ್ಕೆ ನೋಡೋಣ ಎನ್ನಬೇಡಿ. ಅವರು ಇವತ್ತೇ ಬಚ್ಚಲಿಗೆ ಹೋಗಬೇಕಾಗಿದೆ.