ಬಾಬುಸಾಬ್ ಹೊದಿಸಿದ ಗೋಡೆ

ಬಾಬುಸಾಬ್ ತೀರಿಹೋದ ಸುದ್ದಿ ಮಸ್ಕಿಗೆ ಮುಟ್ಟಿದ್ದು ಲಿಂಗಸುಗೂರಿನಿಂದ ಬರುವ ಮೊದಲ ಬಸ್ಸಿನಲ್ಲಿ. ತೊಂಬತ್ತೆರಡನೆಯ ಇಸವಿ, ಮಾಘ ಮಾಸದ ಒಂದು ಮಂಗಳವಾರ. ಮೊಳೆ, ತಿರುಪು ತರಲು ಹಿಂದಿನ ದಿನ ಹೋಗಿದ್ದ ಆ ಬಡಿಗ, ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲವಂತೆ.

ಅಂಗಡಿಯ ಯಮನೂರಪ್ಪ ಈ ಮಾತು ತಂದಾಗ ಮೈಲಾರಲಿಂಗಪ್ಪ ಮಾಸ್ತರರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಕೈ ಅಲ್ಲೇ ನಿಂತಿತು. ಒಂದೇ ಓಣಿಯಲ್ಲಿ ನಲವತ್ತು ವರ್ಷ ಕೂಡಿ ಬಾಳಿದ ಗೆಳೆಯ. ಆದರೂ ಅವರ ಮನಸ್ಸಿಗೆ ಮೊದಲು ಬಂದದ್ದು, ಇನ್ನು ನಿಜ ಹೇಳುವವರು ಯಾರು ಎಂಬ ಮಾತು. ಅಳು ಬಂದದ್ದು ಆಮೇಲೆ. ಹೀಗೆ ಹಿಂದುಮುಂದಾದುದಕ್ಕೆ ಅವರು ಬಹಳ ದಿನ ತಮ್ಮನ್ನು ತಾವೇ ಬೈದುಕೊಂಡರು.

ಸಂಗತಿ ಇಷ್ಟು. ಸಿಂಧನೂರಿನಲ್ಲಿ ಹೊಸ ರಂಗಮಂದಿರ ಏಳುತ್ತಿತ್ತು. ಯಮನೂರಪ್ಪ ಅದರ ಕಮಿಟಿಯವನು. ಒಳಗಿನ ಗೋಡೆಗಳಿಗೆ ಪ್ಲೈವುಡ್ ಹೊದಿಸುವ ಕೆಲಸ ಬಾಬುಸಾಬನದು. ವೇದಿಕೆಯ ಹಿಂದಿನ ಗೋಡೆಗೆ ಶರಣರ ಪಟ ತೂಗಬೇಕು, ಅದರ ಮುಂದೆ ಕುಳಿತು ಮಾಸ್ತರರ ಭಜನಾ ಮಂಡಳಿ ಮೊದಲ ಪದ ಹಾಡಬೇಕು ಎಂದು ನಿಶ್ಚಯವಾಗಿತ್ತು. ಎರಡು ತಿಂಗಳ ಹಿಂದೆ ಮಾಸ್ತರರು ಕೆಲಸ ನೋಡಲು ಹೋದಾಗ ಮೂಲೆಯಲ್ಲಿ ಸ್ಟೋವಿನ ಮೇಲೆ ಒಂದು ಡಬ್ಬಿ ಬೇಯುತ್ತಿತ್ತು. ವಾಸನೆ ಮೂಗಿಗೆ ಬಡಿಯಿತು. ಅದು ಸರೇಸು: ತೊಗಲು, ಎಲುಬು ಕುದಿಸಿ ಮಾಡುವ ಬಡಿಗರ ಅಂಟು.

"ಏನೋ ಬಾಬು ಇದು? ಶರಣರ ಪಟ ಹಾಕೋ ಗೋಡಿಗೆ ಇದನ್ನ ಬಳಿಯಾಕತ್ತಿಯೇನು?"

"ಇಲ್ರೀ ಮಾಸ್ತರ್ರ. ಹಳೇ ಕುರ್ಚಿ ಕಾಲು ಕಿತ್ತಾವು, ಅದಕ್ಕ. ಪ್ಲೈವುಡ್ಡು ಕಾರ್ಖಾನಿಯೊಳಗ ಅಂಟಿಸಿಕೊಂಡೇ ಬರ್ತೈತಿ. ಒಂದರ ಮ್ಯಾಲೊಂದು ತೆಳ್ಳನ ಪದರು, ನಡುವ ಕೆಮಿಕಲ್ಲಿನ ಗೋಂದು. ಗೋಡಿಗೆ ನಾ ಬರೇ ತಿರುಪು ಹಾಕ್ತೀನಿ."

"ಕಾರ್ಖಾನಿಯೊಳಗ ಏನು ಹಚ್ಚತಾರ ಅನ್ನೋದು ನೀ ಕಂಡೀಯೇನು?"

"ಒಂದು ತುಂಡು ಕುದಿಸಿ ನೋಡ್ರಿ. ಸರೇಸಿದ್ರ ಬಿಸಿನೀರಾಗ ಕರಗಿ ಪದರು ಬಿಚ್ಚಿ ನಾರ್ತೈತಿ. ನಾ ಕೊಟ್ಟ ತುಂಡು ಬ್ಯಾಡ, ಗೋಡಿಯಿಂದ ನೀವ ಕೊಯ್ಕೊಳ್ರಿ."

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮಾಸ್ತರರು ಬಿಡಲಿಲ್ಲ. "ನಿಮ್ಮಪ್ಪನ ಕಾಲದಿಂದ ನಮ್ಮಂಥವರ ಮನಿ ಕೆಲಸ ಮಾಡೀರಿ. ಎಂದೂ ನಮ್ಮ ಕೆಲಸಕ್ಕ ಸರೇಸು ಹಚ್ಚಿಲ್ಲ ಅಂತ ಆಣಿ ಮಾಡು."

ಬಾಬುಸಾಬ್ ಉಳಿ ಒರೆಸುತ್ತ ತಲೆ ಬಗ್ಗಿಸಿದ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಆ ಮೌನವನ್ನು ಮಾಸ್ತರರು ಮನೆಗೆ ಹೊತ್ತು ತಂದರು, ನಾಲ್ಕು ಜನರ ಕಿವಿಗೂ ಹಾಕಿದರು. ಮಂಡಳಿಯವರು ಅಲ್ಲಿ ಹಾಡಲು ಒಲ್ಲೆವೆಂದರು. ಮುಕ್ಕುಂದ ಊರಿನವರು ತಮ್ಮ ಗುಡಿಯ ಬಾಗಿಲಿನ ಕೆಲಸವನ್ನು ಬೇರೆ ಬಡಿಗನಿಗೆ ಒಪ್ಪಿಸಿದರು. ಬಾಬುಸಾಬ್ ಎದುರಾದಾಗ ಸಲಾಮು ಮಾಡುತ್ತಿದ್ದ. ಮಾಸ್ತರರು ಛತ್ರಿ ಅಡ್ಡ ಹಿಡಿಯುತ್ತಿದ್ದರು.

ಈಗ ಅವನು ಮಣ್ಣಿನಲ್ಲಿ. ಮಾಸ್ತರರು ಮೂರು ಹಿಡಿ ಮಣ್ಣು ಹಾಕಿ ಬರುವಾಗ ಯಮನೂರಪ್ಪ ಜೊತೆಗೆ ಬಂದ.

"ಸೋಮವಾರ ಮಂದಿರ ತೆರೀತೀವ್ರಿ. ಮೊದಲು ಬಾಬುಸಾಬಗ ಎರಡು ಮಾತು, ಆಮ್ಯಾಲೆ ನಿಮ್ಮ ಪದ. ನೀವು ಬರ್ಲಿಲ್ಲಂದ್ರ ಸತ್ತಾಂವ ಮೋಸಗಾರ ಅಂತ ಊರು ಖಾತ್ರಿ ಮಾಡ್ಕೋತೈತಿ."

"ಬಂದೆ ಅಂದ್ರ ನಾ ಸುಳ್ಳಿಗೆ ಸಾಕ್ಷಿ ಆಗಬಹುದಲ್ಲಪ್ಪ."

"ಕುದಿಸಿ ನೋಡ್ರಿ ಅಂದಿದ್ದನಂತಲ್ಲ. ನೋಡೀರೇನು?"

ನೋಡಿರಲಿಲ್ಲ. ಮರುದಿನವೇ ಮಾಸ್ತರರು ಸಿಂಧನೂರಿಗೆ ಹೋಗಿ, ವೇದಿಕೆಯ ಹಿಂದಿನ ಗೋಡೆಯ ಬುಡದಲ್ಲಿ ಮುಂದೆ ಹೊಡೆಯುವ ಮರದ ಪಟ್ಟಿಯ ಮರೆಗೆ ಹೋಗುವ ಕಡೆ ಅಂಗೈಯಗಲ ತುಂಡನ್ನು ತಾವೇ ಗರಗಸ ಹಿಡಿದು ಕೊಯ್ದರು. ಯಾರೂ ಬದಲಿಸದಂತೆ ಪಂಚೆಯ ಚುಂಗಿನಲ್ಲಿ ಗಂಟು ಹಾಕಿಕೊಂಡು ಬಂದರು.

ಮನೆಯಲ್ಲಿ ಹೆಂಡತಿ ಪಾರ್ವತೆಮ್ಮ ಪಾತ್ರೆ ಕೊಡಲಿಲ್ಲ.

"ಅನ್ನ ಮಾಡೋ ಬೋಗುಣಿಯೊಳಗ ಕಟಗಿ ಕುದಿಸ್ತೀರಿ? ಮ್ಯಾಲೆ ಒಗ್ಗರಣಿನೂ ಹಾಕಲೇನು?"

"ಪರೀಕ್ಷಾ ಮಾಡಾಕತ್ತೀನಿ, ನಗಬ್ಯಾಡ."

"ಎಮ್ಮಿಗೆ ನೀರಿಡೋ ತಪೇಲಿ ಐತಿ, ಹಿತ್ತಲಕ್ಕ ಒಯ್ರಿ. ಬೆಂದ ಮ್ಯಾಲೆ ನೀವ ಉಣ್ರಿ."

ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಮಾಸ್ತರರು ಇಡೀ ಮಧ್ಯಾಹ್ನ ಬೆಂಕಿಯ ಮುಂದೆ ಕುಳಿತರು. ಆಗಾಗ ಬಗ್ಗಿ ಮೂಗು ಒಡ್ಡಿ ನೋಡಿದರು. ತೊಗಲಿನ ವಾಸನೆ ಬಂದೇ ಬರುತ್ತದೆ ಎಂದು ಕಾದರು. ಬರಲಿ ಎಂದು ಮನಸ್ಸಿನ ಒಂದು ಮೂಲೆ ಬಯಸುತ್ತಲೂ ಇತ್ತು. ಬಂದರೆ ಎರಡು ತಿಂಗಳು ಮುಖ ತಿರುಗಿಸಿದ್ದು ನ್ಯಾಯವೆನಿಸುತ್ತಿತ್ತು. ನೀರು ಕೆಂಪಾಯಿತು, ಹಸಿ ಕಟ್ಟಿಗೆಯ ವಾಸನೆ ಬಂತು, ಅಷ್ಟೇ. ಸಂಜೆಗೆ ತುಂಡನ್ನು ತೆಗೆದು ಉಗುರು ಸೇರಿಸಿ ಎಳೆದರು. ಪದರು ಬಿಡಲಿಲ್ಲ.

ಗೋಡೆಯ ಮಾತು ನಿಜ. ಹಾಗಾದರೆ ಅಂದು ತಲೆ ಬಗ್ಗಿಸಿದ್ದೇಕೆ? ಅನುಮಾನ ಒಂದು ಬಾಗಿಲಿನಿಂದ ಹೊರಬಿದ್ದು ಇನ್ನೊಂದರಿಂದ ಒಳಗೆ ಬಂತು. ಬೇರೆಲ್ಲೋ ಏನೋ ಮಾಡಿದ್ದಾನೆ, ಅದಕ್ಕೇ ಆಣೆಗೆ ಹೆದರಿದ ಎಂದು ರಾತ್ರಿಯೆಲ್ಲ ಹೊರಳಾಡಿದರು.

ಬೆಳಿಗ್ಗೆ ಬಾಬುಸಾಬನ ಮನೆಗೆ ಹೋದರು. ಅವನ ತಮ್ಮ, ಬಡಿಗನೇ ಆದ ಇಸ್ಮಾಯಿಲ್‌ಸಾಬ್ ಅಂಗಳದಲ್ಲಿ ಅಣ್ಣನ ಉಳಿ, ಕೀಸುಳಿಗಳಿಗೆ ಎಣ್ಣೆ ಹಚ್ಚಿ ಅರಿವೆಯಲ್ಲಿ ಸುತ್ತುತ್ತಿದ್ದ. ಬಾಬುಸಾಬನ ಹೆಂಡತಿ ರಾಜಾಬೀ ಗಂಡ ಸತ್ತ ಮೇಲಿನ ಒಳವಾಸದಲ್ಲಿದ್ದಳು. ಬಾಗಿಲಿಗೆ ಪರದೆ ಬಿಟ್ಟಿತ್ತು.

"ಗೋಡಿ ತುಂಡು ಕುದಿಸಿದೆನಪ್ಪ. ನಿಮ್ಮಣ್ಣ ಹೇಳಿದ್ದು ಖರೆ."

"ಈಗ ಕುದಿಸಿದ್ರ್ಯಾ? ಚಲೋ ಆತ್ರಿ," ಎಂದ ಇಸ್ಮಾಯಿಲ್‌ಸಾಬ್, ಮುಖ ಎತ್ತದೆ.

"ಬೈಯಪ್ಪ, ಬೈಸ್ಕೊಳ್ಳಾಕನ ಬಂದೀನಿ. ಆದ್ರ ಒಂದು ಹೇಳು. ಆಣಿ ಮಾಡು ಅಂದಾಗ ಸುಮ್ಮನ್ಯಾಕ ನಿಂತ?"

ಪರದೆಯ ಹಿಂದಿನಿಂದ ರಾಜಾಬೀಯ ದನಿ ಬಂತು. "ನಕ್ಕೋ, ಇಸ್ಮಾಯಿಲ್. ಹೇಳಬ್ಯಾಡ. ಅವರು ಬ್ಯಾಡ ಅಂದಿದ್ರು."

"ಬ್ಯಾಡ ಅಂದೇ ಅಣ್ಣ ಎದಿ ಒಡಕೊಂಡ, ಭಾಭಿ," ಎಂದು ಇಸ್ಮಾಯಿಲ್‌ಸಾಬ್ ಉಳಿಯನ್ನು ಕೆಳಗಿಟ್ಟ. "ಮಾಸ್ತರ್ರ, ನಿಮ್ಮನಿ ದೇವರ ಮಂಟಪ ಮಾಡಿದ್ದು ನಮ್ಮ ಅಬ್ಬಾ. ನಿಮ್ಮ ಲಗ್ನದ ವರ್ಷ. ಆಗ ಈ ಕಡೆ ಬಡಿಗರ ಹಂತ್ಯಾಕ ಬ್ಯಾರೆ ಗೋಂದು ಯಾವುದಿತ್ರಿ? ಅದರ ಒಂದೊಂದು ಸಂದಿಗೂ ಸರೇಸೇ ಕುಂತೈತಿ. ಅದು ನಮ್ಮಣ್ಣಗ ಗೊತ್ತಿತ್ತು. ಸುಳ್ಳು ಆಣಿ ಮಾಡಾಕ ಆಗಲಿಲ್ಲ. ಖರೆ ಹೇಳಿದ್ರ ಮಾಸ್ತರ್ರು ಮಂಟಪ ಬೀದಿಗೆ ಇಡ್ತಾರ, ಇಷ್ಟು ವರ್ಷದ ಪೂಜಿ ಹೊಲಸಾತು ಅಂತ ಕೊರಗಿ ಸಾಯ್ತಾರ, ನನ್ನ ಮ್ಯಾಲೆ ಸಿಟ್ಟಾದ್ರ ಆಗ್ಲಿ ಅಂದ."

ಮಾಸ್ತರರು ಪರದೆಯ ಕಡೆಗೆ ಕೈ ಮುಗಿದರು. "ತಂಗಿ ರಾಜಾಬೀ, ನಾ ತಪ್ಪು ಮಾಡೀನಿ," ಎಂದರು. ಒಳಗಿನಿಂದ ಬಿಕ್ಕಿದ್ದು ಕೇಳಿಸಿತು.

ದಾರಿಯಲ್ಲಿ ಯಮನೂರಪ್ಪನ ಅಂಗಡಿಯ ಮುಂದೆ ನಿಂತು, "ಸೋಮವಾರ ಬರ್ತೀನಿ. ಎರಡು ಮಾತು ಅಂದೀಯಲ್ಲ, ಅವನ್ನ ನಾನ ಆಡ್ತೀನಿ. ನನ್ನ ತಪ್ಪು ನಾಲ್ಕು ಜನರ ಮುಂದ ನಾನ ಹೇಳಬೇಕು," ಎಂದರು. ಮುಕ್ಕುಂದಕ್ಕೂ ಅಂದೇ ಹೋಗಿ, ಉಳಿದ ಬಾಗಿಲುಗಳನ್ನಾದರೂ ಇಸ್ಮಾಯಿಲ್‌ಸಾಬನಿಗೆ ಕೊಡಿರೆಂದು ಕೇಳಿಕೊಂಡರು. ನೋಡೋಣ ಎಂದರು ಅವರು. ಆಡಿದ ಮಾತನ್ನು ಹಿಂದಕ್ಕೆ ತರುವುದು ಎಷ್ಟು ಕಷ್ಟವೆಂದು ಮಾಸ್ತರರಿಗೆ ಆ ದಾರಿಯಲ್ಲಿ ತಿಳಿಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಪಾರ್ವತೆಮ್ಮ ಹೂ ಬಿಡಿಸುತ್ತಲೇ ಕೇಳಿದಳು.

"ಮೂವತ್ತೈದು ವರ್ಷ ದೇವರು ಅದರೊಳಗ ಕುಂತಾನ. ಆತಗ ವಾಸನಿ ಬರಲಿಲ್ಲ, ನಿಮಗ ಬಂತೇನು? ಜಳಕ ಮಾಡ್ರಿ, ಪೂಜಿಗೆ ಹೊತ್ತಾತು."

ಮಾಸ್ತರರು ಜಳಕ ಮಾಡಿ ಮಂಟಪದ ಮುಂದೆ ಕುಳಿತು ದೀಪ ಹಚ್ಚಿದರು. ಸಾಗವಾನಿ ಕಂಬಗಳು ಎಣ್ಣೆ ಕುಡಿದು ಕಪ್ಪಾಗಿದ್ದವು. ಒಂದು ಸಂದಿಯೂ ಬಿಟ್ಟಿರಲಿಲ್ಲ. ಅವರು ಕಣ್ಣು ಮುಚ್ಚಿದರು.

"ಶಿವನೇ, ಬಾಬುಸಾಬ್ ನಿನ್ನನ್ನು ಬೇರೆ ಹೆಸರಿನಿಂದ ಕರೆದವನು. ನನ್ನ ಪೂಜೆ ಕೆಡಬಾರದೆಂದು ತನ್ನ ಹೆಸರು ಕೆಡಿಸಿಕೊಂಡವನು. ಆ ಭಾರವನ್ನು ಅವನ ಮೇಲಿಂದ ಇಳಿಸಿ ನನ್ನ ಮೇಲೆ ಇಡು. ದುಡಿದ ಕೈ ಅವನದು, ಅದಕ್ಕೆ ವಿಶ್ರಾಂತಿ ಕೊಡು. ಅವನ ಜೀವವನ್ನು ತಂಪಾಗಿಡು, ತಂದೆ. ಶಾಂತಿಯಲ್ಲಿಡು."