ಬಿಳಿ ಹೊಟ್ಟೆಯ ಮರಿಗಳು

ಆಸ್ಪತ್ರೆಯ ಗಾಡಿ ಹತ್ತುವಾಗಲೂ ಅತ್ತೆಗೆ ತಮ್ಮ ಮುರಿದ ಸೊಂಟದ ಚಿಂತೆಯಿರಲಿಲ್ಲ. "ಕಾವು ಕೂತಿರೋ ಹೇಂಟೇನ ಎಬ್ಬಿಸ್ಬೇಡ. ಒಂಬತ್ತು ಮೊಟ್ಟೆ, ಜೋಪಾನ!" ಎಂದು ಸೊಸೆಗೆ ಹತ್ತು ಸಲ ಹೇಳಿದರು. ಹೇಳದೆ ಇರುವುದಾದರೂ ಹೇಗೆ? ಅವರು 'ಕಾಡಿಗೆ' ಎಂದು ಕರೆಯುತ್ತಿದ್ದ ಹುಂಜ ಹಿಂದಿನ ವಾರವಷ್ಟೇ ಸತ್ತಿತ್ತು. ಮೂರು ತಲೆಮಾರಿನಿಂದ ಆ ಮನೆ ಸಾಕಿಕೊಂಡು ಬಂದ ಕಪ್ಪು ಕೋಳಿಯ ತಳಿ ಮುಂದುವರಿಯುವ ಆಸೆ ಇನ್ನು ಆ ಮೊಟ್ಟೆಗಳಲ್ಲಿ ಮಾತ್ರ ಉಳಿದಿತ್ತು.

ಸೊಸೆ ಟೈಲರ್. ಕಪ್ಪಿನಲ್ಲಿ ಎಷ್ಟು ಬಗೆಯ ಕಪ್ಪಿದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಕಾಡಿಗೆಯ ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದಿದ್ದಳು. ಕಪ್ಪಿನೊಳಗಿಂದ ಹಸಿರು ಮಿಂಚಿತ್ತು. "ಇಂಥ ಬಟ್ಟೆ ಯಾವ ಅಂಗಡೀಲೂ ಸಿಗಲ್ಲ ಅತ್ತೆ," ಎಂದ ಆ ಒಂದು ಮಾತಿಗೆ ಅತ್ತೆ ಮನಸೋತುಬಿಟ್ಟಿದ್ದರು. ಮರಿಗಳ ವಿಷಯದಲ್ಲಿ ಮಾತ್ರ ಬಲು ಬಿಗಿ. ಮೊಟ್ಟೆ ಒಡೆದದ್ದೇ ತಡ, "ಗಾಳಿ ತಾಗತ್ತೆ, ಯಾರೂ ಬರ್ಬೇಡಿ," ಎಂದು ಹಿತ್ತಲ ಕೋಣೆಯ ಬಾಗಿಲು ಹಾಕಿಕೊಳ್ಳುವರು. ಮೂರು ತಿಂಗಳಾದ ಮೇಲೆ ಕರೀ ಪಟಾಲಂ ಒಂದು ಹೊರಗೆ ಬರುವುದು. ಹೀಗಾಗಿ ಎಂಟು ವರ್ಷವಾದರೂ ಸೊಸೆ ಎಳೆಮರಿಯ ಮುಖ ಕಂಡವಳಲ್ಲ.

ಅತ್ತೆ ಆಸ್ಪತ್ರೆಯಲ್ಲಿರುವಾಗಲೇ ಏಳು ಮರಿ ಹೊರಬಂದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬೆನ್ನೇನೋ ಕಪ್ಪು, ಹೊಟ್ಟೆ, ಕತ್ತು, ರೆಕ್ಕೆಯ ತುದಿ ಎಲ್ಲ ಬಿಳಿ. ಇನ್ನೊಂದನ್ನು ಎತ್ತಿದಳು, ಅದೂ ಹಾಗೇ. ಗೋಡೆಯಾಚೆ ಬೇಕರಿಯವನ ಬಿಳಿ ಹುಂಜ ಇತ್ತಲ್ಲ, ಹಾಳಾದ್ದು! ಯಾವಾಗ ಹಾರಿ ಬಂದಿತ್ತೋ! ಇವನ್ನು ಕಂಡರೆ ಅತ್ತೆ ಎದೆಯೊಡೆದುಕೊಳ್ಳುತ್ತಾರೆ, ಮರಿಯೇ ಆಗಲಿಲ್ಲ ಎಂದರೆ ಎರಡು ದಿನ ಕೊರಗಿ ಸುಮ್ಮನಾಗುತ್ತಾರೆ ಎಂದುಕೊಂಡಳು. ಏಳನ್ನೂ ಬುಟ್ಟಿಗೆ ತುಂಬಿ ಬೇಕರಿಗೆ ಒಯ್ದು, "ನಿಮ್ಮ ಹುಂಜದ ಸಂಸಾರ, ನೀವೇ ಸಾಕ್ಕೊಳ್ಳಿ," ಎಂದು ಇಟ್ಟು ಬಂದಳು. ಬೇಕರಿಯವ ಪಿಳಿಪಿಳಿ ನೋಡಿದ.

ವಾರದ ಮೇಲೆ ವಾಕರ್ ಹಿಡಿದು ಬಂದ ಅತ್ತೆ ಮಂಚದ ಕಡೆಗೂ ನೋಡದೆ ನೇರ ಹಿತ್ತಲ ಕೋಣೆಗೆ ನಡೆದರು.

"ಮರಿ ಎಲ್ಲೇ?"

ಸುಳ್ಳು ಹೇಳಲಾಗಲಿಲ್ಲ. "ತಳಿ ಕೆಟ್ಟುಹೋಗಿತ್ತು. ಹೊಟ್ಟೆಯೆಲ್ಲ ಬಿಳಿ. ಬೇಕರಿಯವ್ರಿಗೆ ಕೊಟ್ಬಿಟ್ಟೆ," ಎಂದು ಸೊಸೆ ಕಣ್ಣೀರು ಹಾಕಿದಳು.

"ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮವೆಲ್ಲ ಹುಟ್ಟೋದೇ ಹಾಗೆ ಕಣೇ. ಪುಕ್ಕ ಬಲಿತ್ಮೇಲೆ ಕಪ್ಪಾಗೋದು."

"ಒಂದು ಮಾತು ಹೇಳ್ಬಾರದಿತ್ತಾ?" ಅಳುವಿನ ನಡುವೆಯೂ ಸೊಸೆಗೆ ರೇಗಿತು. "ಎಂಟು ವರ್ಷ ಬಾಗಿಲು ಹಾಕ್ಕೊಂಡಿದ್ರಲ್ಲ!"

ಅತ್ತೆ ತಲೆ ತಗ್ಗಿಸಿದರು. "ಹೇಗೆ ಹೇಳ್ಲಿ? ಮದುವೆಯಾದ ವರ್ಷ ನಾನೂ ಇದೇ ಕೆಲಸ ಮಾಡಿದ್ದೆ. ಹನ್ನೆರಡು ಮರಿ, ದಾರೀಲಿ ಹೋಗೋರಿಗೆ ಹಂಚಿಬಿಟ್ಟೆ. ನಮ್ಮತ್ತೆ ಸಾಯೋವರೆಗೂ ಬಂದೋರಿಗೆಲ್ಲ ಅದನ್ನೇ ಹೇಳಿ ನಗ್ತಿದ್ರು. ನಿನಗೆ ಗೊತ್ತಾದ್ರೆ ನೀನೂ ನಗ್ತೀಯ ಅಂತ..."

ಸೊಸೆ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬೇಕರಿಯ ಒಲೆ ಪಕ್ಕ, ಬ್ರೆಡ್ಡಿನ ಟ್ರೇಯಲ್ಲಿ ಮರಿಗಳು ಬೆಚ್ಚಗೆ ಕೂತಿದ್ದವು.

"ನಮ್ಮ ಹುಂಜ ಕುಂಟು ಕಣಮ್ಮ," ಎಂದ ಬೇಕರಿಯವ. "ಹೊಸ್ತಿಲು ದಾಟೋಕೇ ಒದ್ದಾಡತ್ತೆ, ಗೋಡೆ ಎಲ್ಲಿ ಹಾರತ್ತೆ? ನಿಮ್ಮತ್ತೆ ಬರ್ಲಿ, ಕೇಳೋಣ ಅಂತಿದ್ದೆ. ಏಳೂ ಇವೆ, ತಗೊಂಡ್ಹೋಗಿ."

ಆಮೇಲೆ ಹಿತ್ತಲ ಕೋಣೆಯ ಬಾಗಿಲು ಹಾಕಲಿಲ್ಲ. ದಿನಾ ಬೆಳಿಗ್ಗೆ ಸೊಸೆ ಒಂದೊಂದೇ ಮರಿಯನ್ನು ಎತ್ತಿ ಅತ್ತೆಯ ಮಡಿಲಿಗೆ ಹಾಕುವಳು. ಬಿಳಿ ಚೂರುಚೂರೇ ಮರೆಯಾಯಿತು. ಏಳರಲ್ಲಿ ಎರಡು ಹುಂಜ. ಅಂಗಳದಲ್ಲಿ ಒಂದರ ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದಾಗ ಅದೇ ಹಸಿರು. ಸೊಸೆಗೆ ಕುಣಿಯುವಷ್ಟು ಖುಷಿಯಾಯಿತು.

ಆಗಲೇ ರವಿಕೆ ಹೊಲಿಸಲು ಬಂದ ಹೆಂಗಸೊಬ್ಬಳು, "ಅಬ್ಬಾ! ಹುಟ್ಟುವಾಗಲೇ ಇಷ್ಟು ಕಪ್ಪಾ ಇವು?" ಎಂದಳು.

ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ತಮ್ಮ ಪಕ್ಕದ ಕುರ್ಚಿ ಸರಿಸಿದರು.

"ಕೂತ್ಕೋ, ಹೇಳ್ತೀನಿ. ಈ ಮನೇಲಿ ಇಬ್ರು ಪೆದ್ದಿಯರಿದ್ದಾರೆ. ಮೊದಲ್ನೆಯವಳು ನಾನು."